ದೃಷ್ಟಿ ತೆಗೆದ ಕೋಳಿ

೧೯೭೯ರಲ್ಲಿ ನಾನು ದಕ್ಷಿಣ ಬೆಂಗಳೂರಿನ ಒಂದು ಸರ್ಕಾರಿ ಪಶು ಚಿಕಿತ್ಸಾಲಯದಲ್ಲಿ ವೈದ್ಯನಾಗಿದ್ದೆ. ಜೆ.ಪಿ. ನಗರದ ಬಡಾವಣೆ ಆಗಷ್ಟೇ ಹಳ್ಳಿಗಳನ್ನು ಸುತ್ತುವರಿಯುತ್ತಿತ್ತು. ಹೊಸದಾಗಿ ಮನೆ ಕಟ್ಟಿದವರಿಗೆ ನಾಟಿ ಹಾಲು, ಮೊಟ್ಟೆ ಬೇಕು. ಸಗಣಿ, ಕೋಳಿ ಬೇಡ. ಈ ರಗಳೆಯೆಲ್ಲ ಕೊನೆಗೆ ನನ್ನ ಮೇಜಿಗೇ ಬರುತ್ತಿತ್ತು.

ಆ ಬೇಸಿಗೆಯಲ್ಲಿ, ಹಳ್ಳಿ ಕಡೆಯ ಒಬ್ಬ ಯುವಕ ಬಂದು ಬಾಗಿಲಲ್ಲೇ ನಿಂತ. ಮದುವೆಯಾಗಿ ಇನ್ನೂ ಹೊಸತು.

"ನಮ್ಮನೇಲಿ ಕೋಳಿ ಕೋಳೀನೇ ತಿಂತಾವೆ ಸಾರ್. ಎಲ್ಲಾ ನನ್ನ ಹೆಂಡ್ತಿ ಕಾಲ್ಗುಣ ಅಂತವ್ಳೆ ನಮ್ಮವ್ವ. ಅಮಾಸೆ ಒಳಗೆ ತವರಿಗೆ ಬಿಟ್ಟು ಬಾ ಅಂತ ಕೂತವ್ಳೆ."

ಕೋಳಿ ಸಾಕಿದ ಮನೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಅವನ ಜೊತೆ ಹೋಗಿ ನೋಡಿದರೆ, ಆ ಹಿತ್ತಲಲ್ಲಿ ಸದ್ದೇ ಇರಲಿಲ್ಲ. ಕಾದ ತಗಡಿನ ಕೆಳಗೆ ಬಿಳಿ ಲೆಗ್‌ಹಾರ್ನ್ ಕೋಳಿಗಳು ಒಂದನ್ನು ನಡುವೆ ಬಿಟ್ಟು ಸುತ್ತ ನಿಂತಿದ್ದವು. ಒಂದು ಮುಂದೆ ಬಂದು ಕುಕ್ಕಿ, ಹಿಂದೆ ಸರಿಯುತ್ತಿತ್ತು. ಆಮೇಲೆ ಇನ್ನೊಂದು, ರೇಷನ್ ಅಂಗಡಿಯಲ್ಲಿ ಸರದಿ ನಿಂತ ಹಾಗೆ. ನಡುವೆ ಇದ್ದದ್ದು ಓಡಲೂ ಇಲ್ಲ, ಕೂಗಲೂ ಇಲ್ಲ. ಎಷ್ಟು ಓದಿದ್ದರೇನು, ನನಗೂ ಮೈ ಜುಮ್ಮೆಂದಿತು.

ನಾವು ಪಶುವೈದ್ಯರು ಇದಕ್ಕೆ ಕ್ಯಾನಿಬಾಲಿಸಂ ಎನ್ನುತ್ತೇವೆ. ಇಕ್ಕಟ್ಟು, ಸೆಕೆ, ಅತಿ ಬೆಳಕು ಸೇರಿದರೆ ಕೋಳಿಗಳು ಒಂದನ್ನೊಂದು ಕುಕ್ಕತೊಡಗುತ್ತವೆ. ರಕ್ತ ಕಂಡರಂತೂ ಬಿಡುವುದಿಲ್ಲ. ಪಕ್ಕದ ಹೊಸ ಮನೆಯವರು ತಕರಾರು ತೆಗೆದದ್ದರಿಂದ, ಬಯಲಲ್ಲಿ ಮೇಯುತ್ತಿದ್ದ ಕೋಳಿಗಳನ್ನು ಇವರು ಕೂಡಿಹಾಕಿದ್ದರು. ಸೊಸೆ ರತ್ನ ಮನೆ ತುಂಬಿದ್ದೂ ಅದೇ ವಾರ.

ಆದರೆ ಅತ್ತೆ ಮುನಿಯಮ್ಮ ಹೇಳಿದ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ.

"ಯಾವುದಕ್ಕೆ ದೃಷ್ಟಿ ತೆಗೀತೀನೋ ಸಾರ್, ಅದೇ ಸಾಯ್ತದೆ. ಇಲ್ಲಿ ಏನೋ ಬಂದು ಕೂತೈತೆ." ಆಮೇಲೆ ಸೊಸೆಯ ಕಡೆ ಗದ್ದ ತಿರುಗಿಸಿದರು. "ಕೋಳಿಗೂ ಗೊತ್ತಾಗೈತೆ. ನೋಡಿ ಅವಳ ಹಣೇನ."

ರತ್ನಳ ಹುಬ್ಬುಗಳ ನಡುವೆ ಹಸಿ ಗಾಯ. ಕಾಳು ಹಾಕಲು ಬಗ್ಗಿದಾಗ ಒಂದು ಕೋಳಿ ನೆಗೆದು, ಕುಂಕುಮ ಇದ್ದಲ್ಲಿಗೇ ಕುಕ್ಕಿತ್ತು.

ದೃಷ್ಟಿ ಹೇಗೆ ತೆಗೆಯುತ್ತೀರಿ, ತೋರಿಸಿ ಎಂದೆ. ಮುನಿಯಮ್ಮ ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರನ್ನು ತಟ್ಟೆಯಲ್ಲಿ ತಂದರು. ಗಟ್ಟಿಮುಟ್ಟಾದ ಕೋಳಿಯೊಂದಕ್ಕೆ ನಿವಾಳಿಸಿ, ಬೆನ್ನಿಗೆ ಒಂದು ಬೊಟ್ಟಿಟ್ಟು ಕೆಳಗೆ ಬಿಟ್ಟರು. ಅದರ ಕಾಲು ನೆಲಕ್ಕೆ ತಾಗಿದ್ದೇ ತಡ, ಎಲ್ಲ ತಲೆಗಳೂ ಒಟ್ಟಿಗೆ ಇತ್ತ ತಿರುಗಿದವು. ನಾನು ಆ ಕೋಳಿಯನ್ನು ಸರಕ್ಕನೆ ಎತ್ತಿಕೊಂಡೆ. ಬಿಳಿ ಗರಿಯ ಮೇಲಿನ ಕೆಂಪು ಅವುಗಳಿಗೆ ರಕ್ತವಾಗಿಯೇ ಕಂಡಿತ್ತು. ಪಾಪ, ಆಕೆ ಕಾಪಾಡಲೆಂದು ಇಟ್ಟ ಬೊಟ್ಟೇ ಸಾವು ತರುತ್ತಿತ್ತು.

ಇದನ್ನು ಬಿಡಿಸಿ ಹೇಳಿದೆ. ಮುನಿಯಮ್ಮ ತಲೆಯಾಡಿಸಿದರು, ಒಪ್ಪಲಿಲ್ಲ. ಆಗ ಬೇರೆ ದಾರಿ ಹಿಡಿದೆ. ತಗಡಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಮಬ್ಬು ಮಾಡಿಸಿದೆ. ಕುಕ್ಕಲು ಸೊಪ್ಪಿನ ಕಟ್ಟು ತೂಗುಹಾಕಿಸಿದೆ. ಕೊಕ್ಕಿನ ತುದಿ ಕತ್ತರಿಸಿದೆ. ಇದಕ್ಕೆ ಡಿಬೀಕಿಂಗ್ ಎನ್ನುತ್ತಾರೆ. ಗಾಯಗೊಂಡ ಕೋಳಿಯನ್ನು ಬೇರೆಯಾಗಿ ಬಿದಿರಿನ ಮಂಕರಿಯಡಿ ಇಟ್ಟು ಬೇವಿನೆಣ್ಣೆ ಹಚ್ಚಬೇಕೆಂದೆ. "ಎಣ್ಣೇನ ಮಾತ್ರ ಹೊಸದಾಗಿ ಮದುವೆಯಾಗಿ ಬಂದವರೇ ಹಚ್ಚಬೇಕು. ಬೇರೆಯವರು ಹಚ್ಚಿದರೂ, ಕೋಳಿಗೆ ಬೊಟ್ಟಿಟ್ಟರೂ ಗುಣ ಆಗಲ್ಲ," ಎಂದು ಗಂಭೀರವಾಗಿ ಸುಳ್ಳು ಹೇಳಿದೆ. ಡಾಕ್ಟರ ಬಾಯಲ್ಲಿ ಬಂದರೆ ಮಂತ್ರವೂ ಔಷಧಿಯೇ. ಮುನಿಯಮ್ಮ ನಂಬಿದರು.

ರತ್ನ ಎಣ್ಣೆ ಹಚ್ಚುತ್ತಾ ಮೆಲ್ಲಗೆ ಕೇಳಿದಳು. "ವಾಸಿ ಆದ್ಮೇಲೆ ಇದನ್ನ ತಿರ್ಗಾ ಅವುಗಳ ಜೊತೇಲೇ ಬಿಡ್ಬೇಕಾ ಸಾರ್?"

"ಹೂಂ ಕಣಮ್ಮ. ಅಷ್ಟೊತ್ತಿಗೆ ಅವು ಮರ್ತಿರ್ತವೆ."

"ಇದು ಮರ್ತಿರತ್ತಾ?"

ನಾನು ನನ್ನ ಸಾಮಾನು ಚೀಲಕ್ಕೆ ತುಂಬಿಕೊಂಡೆ.

ಅಮಾವಾಸ್ಯೆ ಕಳೆದ ಮೇಲೆ ಹೋದೆ. ಬೀದಿಗೇ ಕೋಳಿಗಳ ಗಲಾಟೆ ಕೇಳಿಸಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಮುನಿಯಮ್ಮ ಮಜ್ಜಿಗೆ ಕೊಟ್ಟರು.

"ಒಂದೂ ಸಾಯ್ಲಿಲ್ಲ ಸಾರ್. ಸೊಸೆ ಕೈಗುಣ ಅಂತ ಊರಿಗೆಲ್ಲ ಹೇಳಿದೆ. ಇಲ್ಲೇ ಇರು ಅಂದೆ. ಗಂಡನ್ನ ಕರ್ಕೊಂಡು ಹೋಗಿ ಬನಶಂಕರೀಲಿ ಬಾಡಿಗೆಗೆ ಮನೆ ಹಿಡಿದವ್ಳೆ. ಈಗ ಎಲ್ಲಾ ಸರಿಹೋಯ್ತಲ್ಲ, ಈಗ್ಯಾಕೆ ಹೋದ್ಲು?"

ಕುಕ್ಕುವುದನ್ನು ನಿಲ್ಲಿಸಲು ನನಗೆ ಇಲಾಖೆ ಕಲಿಸಿತ್ತು. ಕುಕ್ಕಿಸಿಕೊಂಡದ್ದು ಮತ್ತೆ ಆ ಗುಂಪಿನಲ್ಲಿ ಕಣ್ಣು ಮುಚ್ಚಿ ಮಲಗೀತೇ ಎಂದು ನೋಡುವುದೂ ವೈದ್ಯನ ಕೆಲಸ ಎಂಬುದನ್ನು ಆ ಮನೆ ಕಲಿಸಿತು. ಅಂದು ಮಜ್ಜಿಗೆ ಲೋಟ ಹಿಡಿದು ಮುನಿಯಮ್ಮನ ಪಕ್ಕದಲ್ಲೇ ಕುಳಿತು, ಗಾಯ ಮಾಗಿದ ಆ ಕೋಳಿ ಈಗ ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕೇಳಿದೆ.