ನೀರು ತಣಿಯುವಷ್ಟು ಹೊತ್ತು

ಲೋಟದ ಬಿಸಿ ಜೀರಿಗೆ ನೀರಿಗೆ ಅತ್ತೆ ಇನ್ನೇನು ನಳ್ಳಿ ನೀರು ಬೆರೆಸಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಲಿಲ್ಲಿ ಬಾಯಿ ಲೋಟಕ್ಕೆ ಅಂಗೈ ಅಡ್ಡ ಹಿಡಿದು, “ಬೇಡ ಅಮ್ಮ” ಎಂದರು.

ಅತ್ತೆಯ ಮುಖ ಸಣ್ಣದಾಯಿತು. ಕಾಟಿಪಳ್ಳದಲ್ಲಿ ನಮ್ಮದು ಅರ್ಚಕರ ಮನೆ. ಬಂದವರಿಗೆ ಬೆಲ್ಲ, ನೀರು ಕೊಡದೆ ಅತ್ತೆ ಮಾತಿಗೆ ಕೂರುವವರಲ್ಲ. ಯಾವಾಗಲೂ ಗೇಟಿನಲ್ಲೇ ನಿಂತು ಮಾತಾಡಿ ಹೋಗುವ ಲಿಲ್ಲಿ ಬಾಯಿ ಅಂದು ಮೊದಲ ಸಲ ಒಳಗೆ ಬಂದಿದ್ದರು. ಬಂದವರು ನಮ್ಮ ಮನೆಯ ನೀರೇ ಬೇಡ ಎನ್ನುವುದೇ?

“ಎಂತಕ್ಕೆ ಬೇಡ? ಕುದಿಸಿದ್ದೇ ಉಂಟಲ್ಲ. ನಾಲಿಗೆ ಸುಡಬಾರದು ಅಂತ ಸ್ವಲ್ಪ ತಣ್ಣೀರು ಹಾಕ್ತೇನೆ, ಅಷ್ಟೇ.”

ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಲಿಲ್ಲಿ ಬಾಯಿ ನಕ್ಕರು. “ನೀರು ಬೇಡ ಅಂತ ಅಲ್ಲ ಅಮ್ಮ. ಹಸಿ ನೀರು ಸೇರಿಸಿದ್ರೆ ಕುದಿಸಿ ಎಂತ ಪ್ರಯೋಜನ? ತಣಿಯಲಿ, ನಾನು ಕೂತ್ಕೊಳ್ತೇನೆ.”

ಫಿಲ್ಟರ್ ದುಬಾರಿ, ಕ್ಯಾನ್ ನೀರು ಅತ್ತೆಗೆ ಒಗ್ಗದು ಎಂದು ನಾವು ನೆಚ್ಚಿಕೊಂಡದ್ದು ಈ ಜೀರಿಗೆ ನೀರನ್ನೇ. ಅದನ್ನು ದಿನವೂ ಹೀಗೆ ಬೆರೆಸಿಯೇ ಕುಡಿಯುತ್ತಿದ್ದೆವು! ಅತ್ತೆ ಚೊಂಬಿನಲ್ಲಿದ್ದ ನಳ್ಳಿ ನೀರನ್ನು ತುಳಸಿಗೆ ಹೊಯ್ದು ಬಂದು ಲಿಲ್ಲಿ ಬಾಯಿಯ ಎದುರು ಕೂತರು. ಲೋಟ ತಣ್ಣಗಾದ ಮೇಲೂ ಇಬ್ಬರ ಮಾತು ಮುಗಿಯಲಿಲ್ಲ.

ಈಗ ನಾವು ಮುಂಚೆಯೇ ಕುದಿಸಿ, ಮುಚ್ಚಿಟ್ಟು, ತಣಿಸಿದ ನೀರನ್ನೇ ಕುಡಿಯುತ್ತೇವೆ. ಬಂದವರಿಗೂ ಅದನ್ನೇ ಕೊಡುತ್ತೇವೆ. ಲಿಲ್ಲಿ ಬಾಯಿ ಬಂದಾಗ ಮಾತ್ರ ಅತ್ತೆ ತಣ್ಣಗಿನ ನೀರಿದ್ದರೂ ಹೊಸದಾಗಿ ಒಲೆಯ ಮೇಲೆ ಇಡುತ್ತಾರೆ.