ವಾಸಕ್ಕಲ್ಲದವರ ನಂಬರು

ಶಲವಡಿಯಲ್ಲಿ ನಾವು ಹೆಂಗಸರು ಸೇರಿ ನಡೆಸುವ ರೊಟ್ಟಿ ಮನೆಯಲ್ಲಿ ಆರು ಒಲೆ. ಬಾಗಿಲ ಬಾಜೂಕಿನ, ಗಾಳಿ ಬರುವ ಒಲೆ ಹನ್ನೊಂದು ವರ್ಷ ನನ್ನದಿತ್ತು. ಅದನ್ನು ನಾನೇ ಬಿಟ್ಟುಕೊಟ್ಟೆ. ನನ್ನ ಮಗಳು ಚಳಿ ದೇಶವೊಂದರ ದವಾಖಾನೆಯಲ್ಲಿ ನರ್ಸು. ಅವಳೇ ಫೋನಿನಲ್ಲಿ, "ಯವ್ವಾ, ಸಾಕು ಆ ಹೊಗಿ. ಕಾಯಂ ಇಲ್ಲೇ ಬಂದುಬಿಡು" ಅಂದಳು. ಕಾಯಂ ಅಂದರೆ ಕಾಯಂ ಅಂತ ತಿಳಿದೆ. ಒಲೆ, ಹಂಚು, ಹಿಟ್ಟು ನಾದುವ ಪರಾತ, ಎಲ್ಲ ಕೆಳಗಿನ ಓಣಿಯ ಒಬ್ಬಳಿಗೆ ಕೊಟ್ಟೆ.

"ಅಲ್ಲಿ ಮಂದಿ ಬ್ರೆಡ್ ತಿಂತಾರಂತಬೇ, ನೀ ಯಾರಿಗೆ ಬಡೀತಿ ರೊಟ್ಟಿ?" ಅಂತ ಉಳಿದವರು ನಕ್ಕರು.

"ಮೊಮ್ಮಗಳಿಗೆ ಬಡೀತೀನಿ. ನಿಮಗೇನ ಹೊಟ್ಟಿಕಿಚ್ಚು?" ಅಂದು ಹೊರಟುಬಂದೆ.

ಆ ದೇಶದಲ್ಲಿ ಪ್ರತಿ ಮನುಷ್ಯನಿಗೂ ಒಂದು ನಂಬರು. ನಂಬರಿಲ್ಲದವರ ಕೈಗೆ ಬಾಲವಾಡಿಯವರು ಕೂಸನ್ನು ಕೊಡುವುದಿಲ್ಲ. ಮಗಳು, ಅಳಿಯ ಇಬ್ಬರದೂ ಪಾಳಿಯ ಕೆಲಸ. ಕೂಸನ್ನು ಕರೆತರಬೇಕಾದವಳು ನಾನು. ಹೋದ ಎರಡನೇ ವಾರವೇ ಮಗಳು ನನ್ನನ್ನು ಕಚೇರಿಗೆ ಕರೆದೊಯ್ದಳು. ಅರ್ಜಿ ಅವಳೇ ತುಂಬಿದ್ದಳು. ನನಗೆ ಬರುವುದು ಕನ್ನಡ ಮಾತ್ರ, ಅದೂ ಅಕ್ಷರ ಕೂಡಿಸಿ ಕೂಡಿಸಿ. ತೋರಿಸಿದಲ್ಲಿ ಸಹಿ ಮಾಡಿದೆ.

ಖಿಡಕಿಯ ಆಚೆ ನನ್ನದೇ ವಯಸ್ಸಿನ ಒಬ್ಬ ಹೆಂಗಸು. ಏನೋ ಕೇಳಿದಳು. ಮಗಳು ಉತ್ತರ ಕೊಡಲು ಹೋದರೆ ಕೈ ಎತ್ತಿ ತಡೆದಳು. ನನ್ನನ್ನೇ ಕೇಳಬೇಕಂತೆ. ತನ್ನ ಫೋನಿಗೆ ಎರಡು ಮಾತು ಹೇಳಿ ನನ್ನ ಮುಂದೆ ಹಿಡಿದಳು. ಆ ಫೋನು ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಕನ್ನಡದಲ್ಲಿ ಕೇಳಿತು:

"ನೀವು ಈ ದೇಶದಲ್ಲಿ ವಾಸಿಸಲು ಬಂದಿಲ್ಲ. ಆರು ತಿಂಗಳೊಳಗೆ ಹಿಂತಿರುಗುತ್ತೀರಿ. ಇದು ನಿಜವೇ?"

ನಾನು ಮಗಳ ಕಡೆ ತಿರುಗಿದೆ. "ಏನಂತೈತಲೇ ಇದು?"

ಅವಳು ಚೀಲದ ಜಿಪ್ ಎಳೆಯುತ್ತ, "ಹೌದು ಅನ್ನಬೇ. ಎಲ್ಲಾರಿಗೂ ಹಂಗ ಕೇಳ್ತಾರ" ಅಂದಳು.

"ಖರೇ ಏನು ಮತ್ತ?"

"ಯವ್ವಾ, ಹಿಂದ ಮಂದಿ ನಿಂತಾರ."

ಅಲ್ಲ ಅನ್ನಬಹುದಿತ್ತು. ಅಂದಿದ್ದರೆ ಅರ್ಜಿ ಅಲ್ಲೇ ಬೀಳುತ್ತಿತ್ತು, ಮಗಳ ಮಾನವೂ ಹೋಗುತ್ತಿತ್ತು. ಫೋನಿಗೆ "ಹೌದ್ರಿ" ಅಂದೆ. ಆ ಹೆಂಗಸು ನಕ್ಕು ಶಿಕ್ಕಾ ಒತ್ತಿದಳು.

ಹೊರಗೆ ಬಸ್ಸಿಗೆ ನಿಂತಾಗ ಕೇಳಿದೆ.

"ವಾಪಸ್ ಟಿಕೆಟ್ ಐತೇನು ನಂದು?"

"ಐತಿ."

"ಯಾವಾಗ ತಗಸೀದಿ?"

"ಬರೂದು, ಹೋಗೂದು ಎರಡೂ ಕೂಡೇ ತಗಸೇನಿ. ತಾಯಿ-ತಂದಿನ್ನ ಕಾಯಂ ಇಟ್ಕೊಳ್ಳಾಕ ಇಲ್ಲಿ ಕಾನೂನ ಇಲ್ಲಬೇ."

"ಮೊದಲ ಗೊತ್ತಿತ್ತು ನಿನಗ?"

ಅವಳು ಬಸ್ಸು ಬರುವ ದಾರಿ ನೋಡಿದಳು. "ಆರು ತಿಂಗಳಂದ್ರ ನೀ ಒಲಿ ಬಿಟ್ಟು ಬರತಿದ್ದಿಲ್ಲ. ನಿನ್ನ ಬಲ್ಲೆ ನಾ."

"ಏನ ಬಲ್ಲಿ ನೀ? ಆರು ತಿಂಗಳು ಒಲಿ ಹಿಡದಿಡ್ರಿ ಅಂತ ಹೇಳಿ ಬರತಿದ್ದೆ. ಮಗಳ ಬಾಣಂತನಕ್ಕ ಹೋದೋರ ಒಲಿ ಹಿಡದಿಡಂಗಿಲ್ಲೇನು ನಾವು?"

ಅತ್ತಳು. ಅಳಲಿ ಅಂತ ಬಿಟ್ಟೆ. ಸುಳ್ಳಿನ ಗರಜೇ ಇರಲಿಲ್ಲ, ಅದೇ ನನ್ನ ಸಿಟ್ಟು. ಕೇಳಿದ್ದರೆ ಬರುತ್ತಿದ್ದವಳಿಗೆ ಮೋಸ ಮಾಡಿ ಕರೆಸಿದಳು.

ಟಪಾಲಿನಲ್ಲಿ ನಂಬರು ಬಂತು, ವಾಸಕ್ಕಲ್ಲದೆ ಬಂದುಹೋಗುವವರಿಗೆ ಕೊಡುವ ನಂಬರು. "ಇದು ಸಾಯೂತನಕ ನಿಂದ ನೋಡಬೇ, ಮತ್ತ ಬಂದ್ರೂ ಇದ ನಂಬರ್" ಅಂದಳು ಮಗಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ.

"ನಂಬರರೆ ಕಾಯಂ ಇರ್ಲಿ ತಗೋ" ಅಂದೆ. ಅಳಿಯ ತಾಟು ಹಿಡಿದುಕೊಂಡು ಒಳಗೆ ಹೋದ.

ಮರುದಿನದಿಂದ ಕೂಸನ್ನು ನಾನೇ ಕರೆತಂದೆ. ಬಾಲವಾಡಿಯಾಕೆ ಪಟ್ಟಿಯಲ್ಲಿ ನಂಬರು ನೋಡಿ ಕೂಸನ್ನು ಬಿಡುತ್ತಿದ್ದಳು. ಅದು ಓಡಿಬಂದು ನನ್ನ ಸೀರೆಯ ನಿರಿಗೆಯಲ್ಲಿ ಮುಖ ಒರೆಸುತ್ತಿತ್ತು. ಅದರದೇನೂ ತಪ್ಪಿಲ್ಲ. ಆದರೆ ಮನೆಯಲ್ಲಿ ಮಗಳು ಏನು ಹೇಳಿದರೂ, ಇವತ್ತು ಮಳೆ ಬರತೈತಿ ಅಂದರೂ, ಖರೆಯೋ ಸುಳ್ಳೋ ಅಂತ ಖಿಡಕಿಯಲ್ಲಿ ಹಣಕಿ ನೋಡುವುದಾಯಿತು. ಹಾಗೆ ಒಂದು ಮನೆಯಲ್ಲಿ ಇರಲಾಗುವುದಿಲ್ಲ. ಎರಡು ತಿಂಗಳಿಗೆ ಹೇಳಿದೆ: "ಟಿಕೆಟಿನ ತಾರೀಖು ಹಿಂದಕ್ಕ ಸರಸು. ನಾ ಹೊಂಟೆ."

"ಕೂಸಿನ್ನ ಯಾರ ಕರಕೊಂಡ ಬರ್ತಾರಬೇ?"

"ಟಿಕೆಟ್ ತಗಸೂಮುಂದ ನನ್ನ ಕೇಳಿದ್ದೇನು? ಈಗೂ ಕೇಳಬ್ಯಾಡ."

ಊರಿಗೆ ಬಂದಾಗ ನನ್ನ ಒಲೆಯವಳು ಹಂಚಿನ ಮೇಲೆ ರೊಟ್ಟಿ ಹಾಗೇ ಬಿಟ್ಟು ಎದ್ದು ನಿಂತಳು. "ಕುಂದರಬೇ, ನಿಂದ ಇದು" ಅಂದಳು. ಕೊಟ್ಟದ್ದನ್ನು ನಾನು ತಿರುಗಿ ತೆಗೆದುಕೊಳ್ಳಲಿಲ್ಲ. ನನಗೆ ಸುಳ್ಳು ಹೇಳಿದವಳು ಅವಳಲ್ಲ. ಈಗ ಎಲ್ಲರಿಗೂ ಹಿಟ್ಟು ನಾದಿಕೊಡುತ್ತೇನೆ.

ಮಗಳು ರವಿವಾರ ಫೋನು ಮಾಡುತ್ತಾಳೆ. ಕೂಸು ಉಂಡಿತೇ ಅಂತ ಕೇಳುತ್ತೇನೆ. ಬಾಲವಾಡಿಯಿಂದ ಅದನ್ನು ಈಗ ಯಾರು ಕರೆತರುತ್ತಾರೆ ಅಂತ ಕೇಳುವುದಿಲ್ಲ. ಅವಳೂ ಹೇಳಿಲ್ಲ.