ಕಾಲು ಚಾಚಿದ ತಪ್ಪಿಗೆ

ಆಫ್‌ಸೈಡ್ ವಿಷಯದಲ್ಲಿ ನನ್ನ ಜೊತೆ ವಾದಕ್ಕಿಳಿದು ಗೆದ್ದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ. ಗೆಲ್ಲಬೇಕಾಗಿದ್ದವರು ಒಬ್ಬರಿದ್ದರು. ಅವರನ್ನು ನಾನು ಸೋಲಿಸಿದೆ. ಹೇಗೆ ಸೋಲಿಸಿದೆ ಅನ್ನುವುದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುವ ನಂಬಿಕೆಯೂ ನನಗಿಲ್ಲ.

ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಆಡಿ ಬೆಳೆದದ್ದು ಕಬಡ್ಡಿ. ನಮ್ಮ ಕಡೆಯ ಪಿ.ಟಿ. ಮೇಷ್ಟ್ರುಗಳಲ್ಲಿ ಮುಕ್ಕಾಲು ಪಾಲು ಕಬಡ್ಡಿಯವರೇ, ಉಳಿದವರು ವಾಲಿಬಾಲ್, ಖೋಖೋ. ಫುಟ್‌ಬಾಲಿಗೆ ರೆಫ್ರಿ ಬೇಕು ಅಂದಾಗ ಎಲ್ಲರೂ ನೆಲ ನೋಡಿದರು. ನಾನು ಒಂದು ವಾರದ ತರಬೇತಿಗೆ ಹೋಗಿ ಕರಿ ಚಡ್ಡಿ, ಸೀಟಿ, ಎರಡು ಬಣ್ಣದ ಕಾರ್ಡು ತೆಗೆದುಕೊಂಡು ಬಂದೆ. ಅಲ್ಲಿಂದಾಚೆಗೆ ಸುತ್ತಲಿನ ತಾಲ್ಲೂಕುಗಳಿಗೆಲ್ಲ ನಾನೇ ದೊಡ್ಡ ರೆಫ್ರಿ. ಪುಸ್ತಕವನ್ನು ಮತ್ತೆ ತೆರೆದು ನೋಡಲಿಲ್ಲ.

ಕಬಡ್ಡಿಯಲ್ಲಿ ಮುಟ್ಟಿದರೆ ಮುಟ್ಟಿದಂತೆಯೇ. ಬೆರಳ ತುದಿ ತಾಗಲಿ, ಹಿಮ್ಮಡಿ ತಾಗಲಿ, ಬೇಕೆಂದು ಮುಟ್ಟಿದ್ದೋ ತಾನಾಗಿ ತಾಗಿದ್ದೋ ಎಂದು ಕೇಳುವವರಿಲ್ಲ. ತಾಗಿತೋ ಇಲ್ಲವೋ ಎಂದು ಜಗಳ ಬಂದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಆಟಗಾರನ ಕೈಯಿಂದ ಅಂಗಳದ ಮಣ್ಣು ಮುಟ್ಟಿಸಿ ಕೇಳುತ್ತೇವೆ. ಮಣ್ಣು ಮುಟ್ಟಿದ ಮೇಲೆ ಯಾರೂ ಸುಳ್ಳು ಹೇಳುವುದಿಲ್ಲ. ಎಂಥ ಪುಂಡನೂ ತಲೆ ತಗ್ಗಿಸಿ ತಾಗಿತು ಎಂದು ಒಪ್ಪಿಕೊಂಡು ಹೊರಗೆ ಹೋಗಿ ಕೂರುತ್ತಾನೆ. ನಾನೂ ಹಾಗೆ ಎಷ್ಟೋ ಸಲ ಹೋಗಿ ಕೂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಹೆಣ್ಣುಮಕ್ಕಳ ಫುಟ್‌ಬಾಲ್ ಜಿಲ್ಲಾ ಫೈನಲ್ ನಡೆಯಿತು. ಒಂದು ಕಡೆ ಶಿಡ್ಲಘಟ್ಟದ ಶಾಲೆ, ಇನ್ನೊಂದು ಕಡೆ ಚಿಂತಾಮಣಿ ತಾಲ್ಲೂಕಿನ ಶಾಲೆ. ಬೆಳಗಿನಿಂದ ಅದು ನನಗೆ ಮೂರನೇ ಮ್ಯಾಚು, ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಆಟ ಮುಗಿಯುವುದಕ್ಕೆ ಎರಡು ಮೂರು ನಿಮಿಷ ಉಳಿದಿದ್ದರೂ ಯಾರೂ ಗೋಲು ಹೊಡೆದಿರಲಿಲ್ಲ. ಅಷ್ಟರಲ್ಲಿ ಶಿಡ್ಲಘಟ್ಟದ ಹುಡುಗಿಯೊಬ್ಬಳು ಚೆಂಡನ್ನು ಜೋರಾಗಿ ಮುಂದಕ್ಕೆ ಒದ್ದಳು. ಅವಳ ತಂಡದ ಫಾರ್ವರ್ಡ್ ಆಗಲೇ ಎದುರಾಳಿ ಡಿಫೆಂಡರುಗಳನ್ನೆಲ್ಲ ದಾಟಿ ಎರಡು ಹೆಜ್ಜೆ ಮುಂದೆ ನಿಂತಿದ್ದಳು. ಕಣ್ಣಿದ್ದವರಿಗೆಲ್ಲ ಕಾಣುವ ಆಫ್‌ಸೈಡ್. ಆದರೆ ಚೆಂಡು ನೇರವಾಗಿ ಅವಳಿಗೆ ಹೋಗಲಿಲ್ಲ. ಒದ್ದವಳಿಂದ ಎರಡೇ ಮಾರು ದೂರದಲ್ಲಿದ್ದ ಚಿಂತಾಮಣಿಯ ಡಿಫೆಂಡರ್ ಹುಡುಗಿ ಗಬಕ್ಕನೆ ಕಾಲು ಚಾಚಿದಳು. ಚೆಂಡು ಅವಳ ಬೂಟಿನ ತುದಿಯನ್ನು ಸವರಿ, ಚೂರು ದಿಕ್ಕು ಬದಲಿಸಿ, ಆ ಫಾರ್ವರ್ಡ್ ಕಾಲಿಗೇ ಹೋಗಿ ಬಿತ್ತು. ಅವಳು ಅದನ್ನು ಗೋಲಿಗೆ ತಳ್ಳಿದಳು.

ಲೈನಿನ ಮೇಲಿದ್ದ ಸಹಾಯಕ ರೆಫ್ರಿ ಬಾವುಟ ಎತ್ತಿದ್ದರು. ನಾನು ಕೈ ಬೀಸಿ ಇಳಿಸಿ ಅಂದೆ. ಗೋಲು ಕೊಟ್ಟೆ. ಆ ಒಂದೇ ಗೋಲಿಗೆ ಶಿಡ್ಲಘಟ್ಟ ಗೆದ್ದಿತು.

ನಿಯಮ ಇಷ್ಟೇ. ಆಫ್‌ಸೈಡಿನಲ್ಲಿ, ಅಂದರೆ ಎದುರಾಳಿ ಡಿಫೆಂಡರುಗಳ ಆಚೆ, ನಿಂತವಳಿಗೆ ತನ್ನ ತಂಡದವರು ಕಳಿಸಿದ ಚೆಂಡು ಸಿಕ್ಕರೆ ತಪ್ಪು. ನಡುವೆ ಎದುರು ತಂಡದ ಡಿಫೆಂಡರ್ ಆ ಚೆಂಡನ್ನು ತಾನಾಗಿ ಆಡಿ, ಆ ಆಟ ಕೆಟ್ಟು ಅವಳಿಗೆ ಹೋದರೆ ತಪ್ಪಿಲ್ಲ. ಆದರೆ ಚೆಂಡು ಡಿಫೆಂಡರಿಗೆ ಬರೀ ತಾಗಿ ತಿರುಗಿಕೊಂಡಿದ್ದರೆ ಆಫ್‌ಸೈಡ್ ಹಾಗೇ ಉಳಿಯುತ್ತದೆ. ಆಡಿದ್ದು ಯಾವುದು, ತಾಗಿದ್ದು ಯಾವುದು ಅನ್ನುವುದರ ಮೇಲೆ ದೊಡ್ಡ ದೊಡ್ಡ ದೇಶಗಳಲ್ಲೇ ಜಗಳ ನಡೆದಿದೆ. ನಾನು ಕಬಡ್ಡಿಯವನು. ಮುಟ್ಟಿದಳು, ಮುಗಿಯಿತು. ಆ ಕ್ಷಣದಲ್ಲಿ ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಅಲ್ಲಿಯವರೆಗಿನದನ್ನು ನಾನು ತಪ್ಪು ಅನ್ನುತ್ತೇನೆ, ಅಷ್ಟೇ. ಅದರ ನಂತರದ್ದಕ್ಕೆ ಬೇರೆ ಹೆಸರಿದೆ.

ಚಿಂತಾಮಣಿ ತಂಡದ ಪಿ.ಟಿ. ಮೇಡಂ ಆಕ್ಷೇಪಣೆ ಬರೆದುಕೊಟ್ಟರು. ನನ್ನ ಅರ್ಧ ವಯಸ್ಸಿನವರು, ಕೆಲಸಕ್ಕೆ ಸೇರಿ ಮೂರು ನಾಲ್ಕು ವರ್ಷ ಆಗಿತ್ತು. ಮೈದಾನದ ಪಕ್ಕದ ಕೋಣೆಯಲ್ಲಿ ತೀರ್ಪುಗಾರರಾಗಿ ಮೂವರು ಹಿರಿಯ ಮೇಷ್ಟ್ರುಗಳು ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತರು. ಮೂವರೂ ನನ್ನ ಜೊತೆ ಕಬಡ್ಡಿ ಆಡಿದವರು. ಮೇಡಂ ಮೊಬೈಲಿನಲ್ಲಿ ಈ ನಿಯಮದ ಹೊಸ ವಿವರಣೆ ತೆರೆದು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳತೊಡಗಿದರು. ಚೆಂಡು ದೂರದಿಂದ ಬಂತೇ, ಡಿಫೆಂಡರಿಗೆ ಸರಿಯಾಗಿ ಕಂಡಿತೇ, ವೇಗ ಎಷ್ಟಿತ್ತು, ಮೈ ಹೊಂದಿಸಿಕೊಳ್ಳಲು ಸಮಯ ಇತ್ತೇ, ಇದನ್ನೆಲ್ಲ ನೋಡಬೇಕು. ಚೆಂಡು ಅವಳ ಹಿಡಿತಕ್ಕೆ ಸಿಗುವ ಹಾಗಿದ್ದರೆ ಮಾತ್ರ ಅದು ಆಡಿದ್ದು. ಬರೀ ಕಾಲು ಚಾಚಿದ ಮಾತ್ರಕ್ಕೆ ಅಲ್ಲ.

ಅವರು ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವರು ಹೇಳುತ್ತಿರುವುದು ಸರಿ ಎಂದು ನನಗೆ ಗೊತ್ತಾಯಿತು. ಇದನ್ನು ಒತ್ತಿ ಹೇಳುತ್ತೇನೆ. ಗೊಂದಲ ಇತ್ತು, ಇಂಗ್ಲಿಷ್ ಅರ್ಥವಾಗಲಿಲ್ಲ ಎಂದೆಲ್ಲ ತೇಪೆ ಹಚ್ಚುವುದಿಲ್ಲ. ಎರಡು ಮಾರು ದೂರ, ಗುಂಡಿನ ವೇಗ, ಬೂಟಿನ ತುದಿ. ತಪ್ಪಾಯಿತು, ಗೋಲು ಇಲ್ಲ, ಮುಂದಕ್ಕೆ ಆಡಿಸೋಣ ಎಂದು ಹೇಳಿದ್ದರೆ ಮೂವರೂ ತಲೆಯಾಡಿಸಿ ಉಪ್ಪಿಟ್ಟು ಮುಗಿಸುತ್ತಿದ್ದರು. ಆದರೆ ಆ ಹೆಣ್ಣುಮಗಳು ಮೊಬೈಲು ನೋಡಿಕೊಂಡು ನನಗೆ ಪಾಠ ಹೇಳುವುದನ್ನು ಕಂಡು ಮೈ ಉರಿದುಹೋಯಿತು.

"ಮೇಡಂ, ನೀವು ಎಷ್ಟು ಮ್ಯಾಚ್ ಆಡ್ಸಿದೀರಾ?" ಎಂದೆ.

ಅವರು ಆಡಿಸಿಲ್ಲ ಅಂದರು. ಮೂವರೂ ನಕ್ಕರು. ತೀರ್ಪುಗಾರರಲ್ಲಿ ಹಿರಿಯರಾಗಿದ್ದವರು ತೆಲುಗಿನಲ್ಲಿ "ಪೋನೀಲೇ ಅಮ್ಮಾ," ಹೋಗಲಿ ಬಿಡಮ್ಮ, ಎಂದು ಸಮಾಧಾನ ಮಾಡುವವರಂತೆ ಅಂದರು. ಮೇಡಂ ಬಿಡಲಿಲ್ಲ. ಆಮೇಲೆ ಅವರು ಹೇಳಬಾರದಿತ್ತು ಅನ್ನಿಸುವ ಒಂದು ಮಾತು ಹೇಳಿದರು. ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋಗುತ್ತದೆ, ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸುವವರು ಅಲ್ಲಿಗೆ ಬರುತ್ತಾರೆ. ಈ ಡಿಫೆಂಡರ್ ಹುಡುಗಿ ಕೆಂಚಾರ್ಲಹಳ್ಳಿ ಕಡೆಯವಳು, ಹತ್ತನೇ ಕ್ಲಾಸು. ಹಾಸ್ಟೆಲ್ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿಕೊಂಡು ಮನೆಯಲ್ಲಿರು ಎಂದು ಅವಳ ಅಪ್ಪ ಹೇಳಿದ್ದಾರೆ. ನಾನೇ ಹೋಗಿ ಕೈಮುಗಿದು ಈ ಒಂದು ವರ್ಷ ಬಿಡಿಸಿಕೊಂಡು ಬಂದಿದ್ದೇನೆ, ಇದೊಂದೇ ಅವಕಾಶ ಎಂದರು.

ಹಾಗಾಗಿ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನಗೆ ಹೊಳೆದದ್ದು ಏನೆಂದರೆ, ವಾದ ಗೆಲ್ಲುವುದಕ್ಕೆ ಆ ಹುಡುಗಿಯೇ ಸಾಕು.

ಅವಳನ್ನೇ ಕರೆಸಿ ಕೇಳೋಣ ಎಂದೆ. ಮೂವರಿಗೂ ಬಹಳ ಸರಿ ಅನ್ನಿಸಿತು. ಇಂಗ್ಲಿಷ್ ತಪ್ಪಿತಲ್ಲ. ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಸಣಕಲು ಮೈ, ಮೊಣಕಾಲಿನಲ್ಲಿ ತರಚಿದ ಗಾಯ. ಹೊರಗೆ ಹೋಗಿ ಮೈದಾನದಿಂದ ಒಂದು ಹಿಡಿ ಮಣ್ಣು ತಗೊಂಡು ಬಾ ಎಂದು ಕಳಿಸಿದೆ. ಅವಳು ಓಡಿ ಹೋಗಿ ತಂದಳು. ಅವಳ ತಂಡದವರೆಲ್ಲ ಕಿಟಕಿಗೆ ಮುತ್ತಿಕೊಂಡರು. ನಾನು ಕಿಟಕಿ ಹಾಕಿಸಬಹುದಿತ್ತು. ಹಾಕಿಸಲಿಲ್ಲ.

"ಹೆದರ್ಕೋಬೇಡ ಕಣಮ್ಮ. ಇದ್ದಿದ್ದು ಇದ್ದಂಗೆ ಹೇಳು. ಚೆಂಡು ತಾನಾಗೇ ಬಂದು ನಿನ್ ಕಾಲಿಗೆ ಬಡೀತಾ, ಇಲ್ಲ ನೀನೇ ಕಾಲು ಚಾಚಿದ್ಯಾ?"

ಅವಳು ಒಮ್ಮೆ ತನ್ನ ಮೇಡಂ ಮುಖ ನೋಡಿದಳು. ಮೇಡಂ ಬಾಯಿ ತೆರೆಯುವ ಮೊದಲೇ ನಾನು, ಅವರ ಮುಖ ಯಾಕೆ ನೋಡ್ತೀಯ, ಕೈಯಲ್ಲಿರೋ ಮಣ್ಣು ನೋಡ್ಕೊಂಡು ಹೇಳು ಎಂದೆ.

"ನಾನೇ ಚಾಚಿದೆ ಸಾರ್."

ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ತಪ್ಪಿಸಿಕೊಳ್ಳದೆ ಆಡಿದೆ ಎಂದು ಹಿರಿಯರ ಮುಂದೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಅವಳ ಉತ್ತರ ನಿಯಮಕ್ಕೆ ಸಂಬಂಧವೇ ಇಲ್ಲದ್ದು. ಚಾಚಿದಳೋ ಇಲ್ಲವೋ ಅನ್ನುವುದು ಪ್ರಶ್ನೆಯೇ ಅಲ್ಲ. ಮೇಡಂ ಅದನ್ನೇ ಹೇಳಲು ಹೋದರು. ಮಣ್ಣು ಮುಟ್ಟಿ ಹೇಳಿದ ಮೇಲೂ ನಿಮ್ಮದು ಏನಮ್ಮ ಎಂದು ತೀರ್ಪುಗಾರರು ಗದರಿದರು. ನನ್ನ ಕೆಲಸ ಮುಗಿದಿತ್ತು. ಆಕ್ಷೇಪಣೆ ತಿರಸ್ಕಾರವಾಯಿತು. ಹುಡುಗಿ ಆ ಮಣ್ಣನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಹೊರಗೆ ಹೋದಳು.

ಹೊರಗೆ ಅವಳ ತಂಡದವರು ಅವಳನ್ನು ಹರಿದು ತಿನ್ನುವುದೊಂದು ಬಾಕಿ. ನೀನು ಸುಮ್ಮನೆ ನಿಂತಿದ್ದರೆ ಆಫ್‌ಸೈಡ್ ಆಗುತ್ತಿತ್ತು, ಹೋಗಿ ಹೋಗಿ ಒಪ್ಪಿಕೊಂಡು ಬೇರೆ ಬಂದೆ ಎಂದು ಒಬ್ಬಳಾದ ಮೇಲೆ ಒಬ್ಬಳು ಬೈದರು. ಗೋಲ್‌ಕೀಪರ್ ಅವಳನ್ನು ಭುಜ ಹಿಡಿದು ತಳ್ಳಿದಳು. ವ್ಯಾನಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ನಾನು ಜಗಲಿಯ ಮೇಲೆ ನಿಂತು ಟೀ ಕುಡಿಯುತ್ತಾ ಇದನ್ನೆಲ್ಲ ನೋಡಿದೆ. ಸತ್ಯ ಹೇಳಬೇಕೆಂದರೆ ನನಗೆ ಆಗ ನೆಮ್ಮದಿಯಾಯಿತು. ತಪ್ಪು ಹೊರುವುದಕ್ಕೆ ಒಬ್ಬಳು ಸಿಕ್ಕಿದ್ದಳು.

ಮೇಡಂ ಹೊರಡುವ ಮುಂಚೆ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಮೂರು ವರ್ಷದಿಂದ ಆ ಮಗೂಗೆ ನಾನು ಹೇಳ್ಕೊಟ್ಟಿರೋದು ಒಂದೇ ಸಾರ್, ನಿಂತು ನೋಡ್ಬೇಡ, ಕಾಲು ಚಾಚು ಅಂತ," ಎಂದು ಹೇಳಿ ವ್ಯಾನು ಹತ್ತಿದರು. ಮರುವರ್ಷ ಅವರು ತಂಡ ಕಟ್ಟಲಿಲ್ಲ. ವರ್ಗ ಮಾಡಿಸಿಕೊಂಡು ಬೇರೆ ಜಿಲ್ಲೆಗೆ ಹೋದರು ಎಂದು ಕೇಳಿದೆ.

ಆಮೇಲೆ ತಿಂಗಳುಗಟ್ಟಲೆ ಗೌರಿಬಿದನೂರಿನ ಹೋಟೆಲುಗಳಲ್ಲಿ ಇದೇ ಚರ್ಚೆ. ಟೀ ಲೋಟ ಡಿಫೆಂಡರು, ಸಕ್ಕರೆ ಡಬ್ಬಿ ಗೋಲು, ಬಿಸ್ಕತ್ತು ಫಾರ್ವರ್ಡು. ಫುಟ್‌ಬಾಲ್ ನೋಡುವ ಕಾಲೇಜು ಹುಡುಗರು ಟಿವಿ ಮ್ಯಾಚುಗಳ ಉದಾಹರಣೆ ತಂದು ನನ್ನನ್ನು ಕೆಣಕುತ್ತಿದ್ದರು. ಡಿಫೆಂಡರ್ ಪ್ರಯತ್ನಪಟ್ಟರೆ ಶಿಕ್ಷೆ, ಕೈಕಟ್ಟಿ ನಿಂತರೆ ಬಚಾವು, ಇದ್ಯಾವ ನ್ಯಾಯ ಸಾರ್ ಎಂದು ಕೇಳುತ್ತಿದ್ದರು. ಅದಕ್ಕೇ ನಿಯಮವನ್ನು ಬಿಡಿಸಿ ಹೇಳಿದ್ದಾರೆ ಎಂದು ನನಗೆ ಗೊತ್ತಿತ್ತು. ಆದರೂ ಅವಳೇ ಮಣ್ಣು ಮುಟ್ಟಿ ಒಪ್ಪಿಕೊಂಡಳಲ್ಲ ಎಂದು ಹೇಳಿ ಲೋಟ ಎತ್ತಿ ಕುಡಿದುಬಿಡುತ್ತಿದ್ದೆ. ಅಲ್ಲಿಗೆ ಎಲ್ಲರ ಬಾಯಿ ಬಂದ್.

ಎರಡು ವರ್ಷ ಬಿಟ್ಟು ರೆಫ್ರಿಗಳಿಗೆ ಮತ್ತೆ ತರಬೇತಿ ಆಯಿತು. ಪರದೆಯ ಮೇಲೆ ಒಂದು ವಿಡಿಯೊ ಹಾಕಿದರು. ಹತ್ತಿರದಿಂದ ಬಂದ ಜೋರು ಚೆಂಡು, ಚಾಚಿದ ಕಾಲು, ತುದಿಗೆ ತಾಗಿ ತಿರುಗಿದ ಚೆಂಡು. ಗೋಲೋ ಆಫ್‌ಸೈಡೋ ಎಂದು ಕೇಳಿದರು. ಎಲ್ಲರೂ ತಡವರಿಸುತ್ತಿರುವಾಗ ನಾನು ಎದ್ದು ನಿಂತು ಆಫ್‌ಸೈಡ್ ಅಂದೆ, ಕಾರಣವನ್ನೂ ಹೇಳಿದೆ. ಚಪ್ಪಾಳೆ ತಟ್ಟಿದರು. ಈ ವಿಷಯವನ್ನು ನೀವೇ ನಿಮ್ಮ ಜಿಲ್ಲೆಯ ಮೇಷ್ಟ್ರುಗಳಿಗೆ ಕನ್ನಡದಲ್ಲಿ ಬರೆದು ಹಂಚಿ ಎಂದು ನನಗೇ ವಹಿಸಿದರು. ಬರೆದೆ. ಚಿತ್ರ ಸಮೇತ ಎರಡು ಪುಟ, ಮುದ್ದಾದ ಅಕ್ಷರ.

ಅದನ್ನು ಹಂಚುವ ಸಭೆ ಚಿಂತಾಮಣಿಯಲ್ಲಿತ್ತು. ಬಸ್ಸಿಳಿದು ಮೊದಲು ಕಂಡ ಜೆರಾಕ್ಸ್ ಅಂಗಡಿಗೆ ಹೋಗಿ ಎರಡೂ ಹಾಳೆ ಕೊಟ್ಟು ನಲವತ್ತು ಪ್ರತಿ ಮಾಡಿ ಅಂದೆ. ಅಂಗಡಿಯಲ್ಲಿದ್ದ ಹೆಣ್ಣುಮಗಳು ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕಿ, ಮುಚ್ಚಳ ಮುಚ್ಚಿ, ಗುಂಡಿ ಒತ್ತಿ, ನನ್ನ ಮುಖ ನೋಡಿದಳು.

"ನಮಸ್ಕಾರ ಸಾರ್. ನನ್ನ ಗುರ್ತು ಸಿಕ್ತಾ?"

ಸಿಕ್ಕಿತು. ಮೈ ತುಂಬಿಕೊಂಡಿದ್ದಳು, ಮುಖ ಅದೇ. ಏನು ಓದುತ್ತಿದ್ದೀಯಮ್ಮ ಎಂದು ಕೇಳಿದೆ. ಹತ್ತಕ್ಕೇ ಬಿಟ್ಟೆ ಅಂದಳು. ಸ್ವಲ್ಪ ದಿನ ಮನೆಯಲ್ಲಿ ಹುಳು ನೋಡಿಕೊಂಡಿದ್ದು ಈಗ ಇಲ್ಲಿಗೆ ಬರುತ್ತಿದ್ದೇನೆ, ಮುಂದಿನ ತಿಂಗಳು ಮದುವೆ ಅಂದಳು. ಯಂತ್ರ ಒಂದೊಂದಾಗಿ ಹಾಳೆಗಳನ್ನು ಉಗುಳುತ್ತಿತ್ತು. ನನ್ನ ಅಕ್ಷರ ಮೇಲ್ಮುಖವಾಗಿ ಬೀಳುತ್ತಿತ್ತು. ಕಾಲು ಚಾಚಿದ ಮಾತ್ರಕ್ಕೆ ಆಡಿದಂತಲ್ಲ, ಗೋಲು ಕೊಡಬಾರದು, ತಪ್ಪು ಡಿಫೆಂಡರದ್ದಲ್ಲ ಎಂದು ದಪ್ಪಗೆ ಗೆರೆ ಎಳೆದು ಬರೆದಿದ್ದೆ. ಅವಳು ಅತ್ತ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಅವತ್ತು ನನ್ನಿಂದ ತಂಡ ಸೋತೋಯ್ತು ಸಾರ್. ನಾನು ಕಾಲು ಇಕ್ಕಬಾರ್ದಿತ್ತು. ಮೇಡಂಗೂ ನನ್ನಿಂದ ಬೇಜಾರಾಗಿ ಊರು ಬಿಟ್ಟೋದ್ರು. ಎಲ್ರೂ ಬೈದ್ರು ಸಾರ್. ನೀವೊಬ್ರೇ ಬೈಲಿಲ್ಲ."

ನಾನು ಕೈ ಚಾಚಿ, ಬಿದ್ದ ಹಾಳೆಗಳನ್ನು ಎತ್ತಿಕೊಂಡು, ಅಂಚು ಸರಿ ಮಾಡುವವನ ಹಾಗೆ ಕುಟ್ಟಿ, ಮೇಜಿನ ಮೇಲೆ ಬೋರಲು ಇಟ್ಟೆ. ಹೇಳುವುದಕ್ಕೆ ಒಂದು ಉಸಿರು ಸಾಕಾಗಿತ್ತು. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಕೇಳಿಸಿಕೊಳ್ಳುವವರು, ನಗುವವರು ಯಾರೂ ಇರಲಿಲ್ಲ.

"ಹೋಗ್ಲಿ ಬಿಡಮ್ಮ," ಅಂದೆ. "ಚಿಕ್ಕ ಹುಡ್ಗಿ, ತಪ್ಪಾಗುತ್ತೆ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಅವಳ ಕಣ್ಣು ತುಂಬಿಕೊಂಡಿತು. ಹಾಳೆಗಳನ್ನು ಜೋಡಿಸಿ, ಪಿನ್ನು ಹೊಡೆದು, ನೆನೆಯದಿರಲಿ ಎಂದು ಕವರಿಗೆ ಹಾಕಿ, ಎರಡೂ ಕೈಯಲ್ಲಿ ಕೊಟ್ಟಳು. ಮದುವೆಗೆ ತಪ್ಪದೆ ಬರಬೇಕು ಎಂದು ಹೇಳಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಒಳ್ಳೆಯದಾಗಲಿ ಎಂದು ಹರಸಿ ಸಭೆಗೆ ಹೋದೆ.